ಉಚಿತ ಸಿನಿಮಾ ಡೇಟಾಬೇಸ್: ದುಡ್ಡು ಬರುವುದು ಎಲ್ಲಿಂದ, ಸೋರುವುದು ಎಲ್ಲಿ

ಸಿನಿಮಾ, ಧಾರಾವಾಹಿ, ಹಾಡು, ಗೇಮ್‌ಗಳ ವಿವರ ಕೊಡುವ ತಾಣಗಳಿಗೆ ಓದುಗರು ಕಾಸು ಕೊಡುವುದಿಲ್ಲ. ಹಾಗಾದರೆ ಅವು ನಡೆಯುವುದು ಹೇಗೆ ಎಂದು ಕೇಳಿದರೆ ಹೆಚ್ಚಿನವರ ಉತ್ತರ ‘ಜಾಹೀರಾತು’. ಅದು ಅರ್ಧ ಉತ್ತರ, ಅದೂ ಚಿಕ್ಕ ಅರ್ಧ. ಇಂಥ ಡೇಟಾಬೇಸ್ ನಡೆಸುವ ಕೆಲಸದಲ್ಲಿ ನನಗೆ ಮನದಟ್ಟಾದ ಲೆಕ್ಕ ಬೇರೆ: ಜಾಹೀರಾತಿನಿಂದ ಸರ್ವರ್ ಬಿಲ್ ಕಟ್ಟಬಹುದು, ಕೊಂಡಿಗಳ ಮೂಲಕ ನಡೆದ ಮಾರಾಟದ ಕಮಿಷನ್ ಅಷ್ಟಿಷ್ಟು ಕೈಹಿಡಿಯುತ್ತದೆ, ಸಂಬಳ ಕೊಡುವಷ್ಟು ದುಡ್ಡು ಬರುವುದು ಮಾತ್ರ ಮಾಹಿತಿಯ ಒಂದು ಸಾಲು ತಪ್ಪಿದರೆ ಯಾರ ಕೆಲಸ ಕೆಡುತ್ತದೋ ಅವರಿಂದ. ಎಂದರೆ ಚಿತ್ರೋದ್ಯಮದವರಿಂದ, ಸ್ಟ್ರೀಮಿಂಗ್ ಕಂಪನಿಗಳಿಂದ, ಟಿವಿ ಸಾಫ್ಟ್‌ವೇರ್ ಮಾಡುವವರಿಂದ. ಹೀಗಾಗಿ ಡೇಟಾಬೇಸ್ ಕಟ್ಟುವ ಮೊದಲ ವಾರದಲ್ಲೇ ಕೆಲವು ತೀರ್ಮಾನ ಆಗಿರಬೇಕು. ಆಮೇಲೆ ತಿದ್ದಲು ಹೋದರೆ ಬಹಳ ದುಬಾರಿ.

ಮೊದಲನೆಯದು, ಮಾಹಿತಿ ಯಾರದ್ದು ಎಂಬುದು. ಹೊಸಬರು ದೊಡ್ಡ ಸಿನಿಮಾ ಡೇಟಾಬೇಸ್ ಐಎಂಡಿಬಿ ಬಿಟ್ಟುಕೊಡುವ ದಿನನಿತ್ಯದ ಕಡತಗಳನ್ನು ಇಳಿಸಿಕೊಂಡು ಪುಟಗಳನ್ನು ಎಬ್ಬಿಸಿಬಿಡುತ್ತಾರೆ. ಆ ಕಡತಗಳು ವೈಯಕ್ತಿಕ, ವಾಣಿಜ್ಯೇತರ ಬಳಕೆಗೆ ಮಾತ್ರ. ಅವುಗಳ ಮೇಲೆ ವ್ಯಾಪಾರ ಕಟ್ಟಬೇಕೆಂದರೆ ಪರವಾನಗಿ ಕೊಳ್ಳಬೇಕು. ಜನರೇ ತುಂಬುವ ಇನ್ನೊಂದು ಸಿನಿಮಾ ಡೇಟಾಬೇಸ್ ಟಿಎಂಡಿಬಿಯ ಎಪಿಐ (ಬೇರೆ ಸಾಫ್ಟ್‌ವೇರ್ ನೇರವಾಗಿ ಮಾಹಿತಿ ಪಡೆಯುವ ದಾರಿ) ಕೂಡ ವಾಣಿಜ್ಯೇತರ ಬಳಕೆಗೆ ಉಚಿತ; ಲೋಗೊ ಹಾಕಿ, ‘ಟಿಎಂಡಿಬಿ ಇದನ್ನು ಅನುಮೋದಿಸಿಲ್ಲ’ ಎಂಬ ಸಾಲು ಬರೆಯಬೇಕು, ಹಣ ಮಾಡುವುದೇ ಉದ್ದೇಶವಾದರೆ ಒಪ್ಪಂದ ಬೇಕು. ಸಂಗೀತದ ಕಡೆ ಪರಿಸ್ಥಿತಿ ಸಡಿಲ. ಹಾಡುಗಳ ಮುಕ್ತ ಡೇಟಾಬೇಸ್ ಮ್ಯೂಸಿಕ್‌ಬ್ರೇನ್ಜ್‌ನ ಮೂಲ ಮಾಹಿತಿ ಸಿಸಿ ಝೀರೊ, ಅಂದರೆ ಯಾರು ಯಾವುದಕ್ಕಾದರೂ ಬಳಸಬಹುದು. ಟ್ಯಾಗ್, ರೇಟಿಂಗ್‌ನಂಥ ಪೂರಕ ಭಾಗ ಮಾತ್ರ ವಾಣಿಜ್ಯೇತರ. ವಿಕಿಪೀಡಿಯದ ಸೋದರ ಡೇಟಾಬೇಸ್ ವಿಕಿಡೇಟಾ ಕೂಡ ಸಿಸಿ ಝೀರೊ; ವಿಕಿಪೀಡಿಯದ ಪಠ್ಯ ಹಾಗಲ್ಲ, ಅದನ್ನು ಎತ್ತಿ ಹಾಕಿದರೆ ಹೆಸರು ನಮೂದಿಸಬೇಕು, ನಿಮ್ಮ ಬದಲಾವಣೆಗಳನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ನಟರ ಪರಿಚಯಕ್ಕೆ ವಿಕಿಪೀಡಿಯದ ಪ್ಯಾರಾ ಅಂಟಿಸಿಕೊಂಡು ನಾಳೆ ಅದನ್ನೇ ನಿಮ್ಮ ಸ್ವತ್ತೆಂದು ಮಾರಲು ಹೊರಟರೆ ಗಿರಾಕಿಯ ವಕೀಲರೇ ನಿಲ್ಲಿಸುತ್ತಾರೆ.

ಕಾನೂನಿನ ತಳಪಾಯ ದೇಶಕ್ಕೊಂದು ರೀತಿ. ಬರಿಯ ಸಂಗತಿಗಳಿಗೆ ಕೃತಿಸ್ವಾಮ್ಯ ಇಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1991ರ ಫೈಸ್ಟ್ ಪ್ರಕರಣದಲ್ಲಿ ಹೇಳಿತು. ಯೂರೋಪಿನಲ್ಲಿ 1996ರ ನಿರ್ದೇಶನದಂತೆ, ಮಾಹಿತಿ ಸಂಗ್ರಹಕ್ಕೆ ಗಣನೀಯ ಹಣ, ಶ್ರಮ ಹಾಕಿದವರಿಗೆ 15 ವರ್ಷಗಳ ಪ್ರತ್ಯೇಕ ಹಕ್ಕಿದೆ. ‘ಸಂಗತಿ ತಾನೇ, ನಕಲು ಮಾಡಿದರೇನು’ ಎಂಬ ವಾದ ಎಲ್ಲ ಕಡೆ ನಿಲ್ಲುವುದಿಲ್ಲ. ಪೋಸ್ಟರ್ ಮತ್ತು ಸ್ಥಿರಚಿತ್ರಗಳಂತೂ ಯಾವಾಗಲೂ ಬೇರೆಯವರ ಸ್ವತ್ತು. ನಾನು ಇಂಥ ಪ್ರತಿ ಚಿತ್ರಕ್ಕೂ ಮೂಲ, ಹಕ್ಕುದಾರರು, ತೆಗೆದುಹಾಕುವ ಕೋರಿಕೆ ಬಂದ ದಿನಾಂಕ ಎಂಬ ಮೂರು ಕಾಲಂ ಇಡುತ್ತೇನೆ. ಮಾಹಿತಿಯ ಪ್ರತಿ ಸಾಲಿಗೂ ‘ಎಲ್ಲಿಂದ ಬಂತು’ ಎಂಬ ಕಾಲಂ ಕಡ್ಡಾಯ. ಮಾರುವ ದಿನ ಬಂದಾಗ ಮಾರಬಹುದಾದ್ದು, ಮಾರಬಾರದ್ದು ಒಂದೇ ಶೋಧದಲ್ಲಿ ಬೇರೆಯಾಗಬೇಕು.

ಎರಡನೆಯದು, ಮಾಹಿತಿ ತುಂಬುವ ಸ್ವಯಂಸೇವಕರ ಜತೆಗಿನ ಷರತ್ತು. ಖಾತೆ ತೆರೆಯುವಾಗಲೇ ‘ನೀವು ಸೇರಿಸಿದ್ದನ್ನು ನಾವು ಹೀಗೆ ಬಳಸುತ್ತೇವೆ, ಪರವಾನಗಿ ಮೇಲೆ ಬೇರೆಯವರಿಗೂ ಕೊಡುತ್ತೇವೆ’ ಎಂದು ಬಿಡಿಸಿ ಬರೆಯಿರಿ. ಸಿಡಿಗಳ ಹಾಡುಪಟ್ಟಿಯನ್ನು ಜನರೇ ತುಂಬಿದ್ದ ಸಿಡಿಡಿಬಿ ಖಾಸಗಿ ಕಂಪನಿಯ ಕೈಸೇರಿ ಗ್ರೇಸ್‌ನೋಟ್ ಆದಾಗ ಎದ್ದ ಸಿಟ್ಟಿನಿಂದಲೇ ಫ್ರೀಡಿಬಿ, ಮ್ಯೂಸಿಕ್‌ಬ್ರೇನ್ಜ್ ಹುಟ್ಟಿದ್ದು. ವ್ಯವಹಾರವಾಗಿ ನೋಡಿದರೆ ಗ್ರೇಸ್‌ನೋಟ್ ಸೋಲಲಿಲ್ಲ. 2008ರಲ್ಲಿ ಸೋನಿ, 2014ರಲ್ಲಿ ಟ್ರಿಬ್ಯೂನ್, ಆಮೇಲೆ ನೀಲ್ಸನ್ ಅದನ್ನು ಕೊಂಡವು. ಆದರೆ ತುಂಬುವವರು ಎದ್ದು ಹೋದರೆ ಆ ಜಾಗಕ್ಕೆ ಸಂಬಳದವರನ್ನು ಕೂರಿಸಬೇಕು, ಚಿಕ್ಕ ತಾಣಕ್ಕೆ ಅದು ಆಗದ ಮಾತು.

ಇನ್ನು ಜಾಹೀರಾತು. ತಿಂಗಳಿಗೆ 5 ಲಕ್ಷ ಪುಟವೀಕ್ಷಣೆ ಎಂದಿಟ್ಟುಕೊಳ್ಳಿ, ಸಾವಿರ ವೀಕ್ಷಣೆಗೆ ಒಂದೂವರೆ ಡಾಲರ್ ಆದಾಯ ಎಂದಿಟ್ಟುಕೊಳ್ಳಿ. ಕೈಗೆ ಬರುವುದು 750 ಡಾಲರ್. ಸಾಲ, ಕ್ರೆಡಿಟ್ ಕಾರ್ಡ್, ವಿಮೆ ಕುರಿತ ತಾಣಗಳಿಗೆ ಇದರ ಹಲವು ಪಟ್ಟು ದರ ಸಿಗುತ್ತದೆ, ಮನರಂಜನೆಗೆ ಸಿಗುವುದಿಲ್ಲ. ‘ಆ ಪೊಲೀಸ್ ಪಾತ್ರ ಮಾಡಿದ್ದು ಯಾರು’ ಎಂದು ನೋಡಲು ಬಂದವರು ಏನನ್ನೂ ಕೊಳ್ಳುವ ಮನಸ್ಸಿನಲ್ಲಿ ಇರುವುದಿಲ್ಲ, ಹೆಸರು ಕಂಡ ಕೂಡಲೇ ಹೊರಟೂ ಹೋಗುತ್ತಾರೆ. ಈಗೀಗ ಹುಡುಕಾಟದ ಪುಟದಲ್ಲೇ ಪಾತ್ರವರ್ಗ ಕಾಣುವುದರಿಂದ ಅಷ್ಟು ಜನವೂ ಒಳಗೆ ಬರುತ್ತಿಲ್ಲ.

ಗೂಗಲ್‌ನ ಜಾಹೀರಾತು ಸೇವೆ ಆ್ಯಡ್‌ಸೆನ್ಸ್‌ನಲ್ಲಿ ಜಾಹೀರಾತುದಾರರು ಕೊಟ್ಟ ಹಣದಲ್ಲಿ ತಾಣಕ್ಕೆ ಉಳಿಯುವುದು ಸುಮಾರು 68 ಶೇಕಡಾ. ಲೆಕ್ಕ 100 ಡಾಲರ್ ದಾಟಿದ ಮೇಲೆ ಮುಂದಿನ ತಿಂಗಳ 21ರಿಂದ 26ರ ಒಳಗೆ ಪಾವತಿ. ಜಾಹೀರಾತುದಾರರು ವರ್ಷದ ಬಜೆಟ್ ಖಾಲಿ ಮಾಡುವ ಅಕ್ಟೋಬರ್–ಡಿಸೆಂಬರ್‌ನಲ್ಲಿ ದರ ಏರಿ, ಜನವರಿಯಲ್ಲಿ ದಿಢೀರನೆ ಬೀಳುತ್ತದೆ. ಡಿಸೆಂಬರ್ ಆದಾಯ ನೋಡಿ ದೊಡ್ಡ ಸರ್ವರ್‌ಗೆ ವರ್ಷದ ಕರಾರು ಮಾಡಿಕೊಳ್ಳುವವರನ್ನು ಕಂಡರೆ ನನಗೆ ಅಯ್ಯೋ ಎನಿಸುತ್ತದೆ. ಮೂರು ತಿಂಗಳ ಸರ್ವರ್ ಖರ್ಚು ಬದಿಗಿಡದೆ ಏನನ್ನೂ ಹಿಗ್ಗಿಸಬೇಡಿ.

ದರ ಏರಿಸುವುದಕ್ಕೆ ಜಾಹೀರಾತುಗಳ ಸಂಖ್ಯೆ ಹೆಚ್ಚಿಸುವುದು ದಾರಿಯಲ್ಲ, ಇರುವ ಜಾಗ ಕಣ್ಣಿಗೆ ಬೀಳುವಂತೆ ಮಾಡುವುದು ದಾರಿ. ಜಾಹೀರಾತಿನ ಅರ್ಧ ಭಾಗ ಕನಿಷ್ಠ 1 ಸೆಕೆಂಡ್ ಪರದೆಯಲ್ಲಿದ್ದರೆ ಮಾತ್ರ ‘ಕಂಡಿತು’ ಎಂಬ ಲೆಕ್ಕ. ವಿಡಿಯೊಗೆ 2 ಸೆಕೆಂಡ್. ಮೇಲುತುದಿಯ 728×90 ಪಿಕ್ಸೆಲ್ ಜಾಹೀರಾತು ಪಟ್ಟಿ ಬೆಲೆಯುಳ್ಳದ್ದು ಎಂದು ಅನೇಕರ ಎಣಿಕೆ. ಆದರೆ ಜನ ಪುಟ ತೆರೆಯುತ್ತಿದ್ದಂತೆ ಪಾತ್ರವರ್ಗದ ಕಡೆಗೆ ಸರಿಸುತ್ತಾರೆ, ಪಟ್ಟಿ ಲೋಡ್ ಆಗುವ ಹೊತ್ತಿಗೆ ಅಲ್ಲಿ ಯಾರೂ ಇರುವುದಿಲ್ಲ. ಸಿನಿಮಾ ಪುಟದಲ್ಲಿ ಸಾರಾಂಶದ ಕೆಳಗೆ, ಪಾತ್ರವರ್ಗದ ಮೇಲೆ ಒಂದು 300×250. ನಟರ ಪುಟದಲ್ಲಿ ಚಿತ್ರಗಳ ಪಟ್ಟಿ ಉದ್ದವಿದ್ದರೆ 25 ಸಾಲಿಗೊಂದು. ಮೊಬೈಲ್‌ನಲ್ಲಿ ಅಡಿಯಲ್ಲಿ ಅಂಟಿಕೊಂಡಿರುವ 320×50 ಒಂದು. ನನ್ನ ಮಟ್ಟಿಗೆ ಇಷ್ಟು ಸಾಕು. ಮೊಬೈಲ್ ಪುಟದ ಉದ್ದದಲ್ಲಿ ಜಾಹೀರಾತು 30 ಶೇಕಡಾ ಮೀರಿದರೆ ಜಾಹೀರಾತು ಉದ್ಯಮದ ಬೆಟರ್ ಆ್ಯಡ್ಸ್ ಮಾನದಂಡಕ್ಕೆ ವಿರುದ್ಧ, ಆಗ ಕ್ರೋಮ್ ಬ್ರೌಸರ್ ನಿಮ್ಮ ತಾಣದ ಜಾಹೀರಾತುಗಳನ್ನೇ ತಡೆಯಬಹುದು.

ಪ್ರತಿ ಜಾಗಕ್ಕೂ ಎತ್ತರವನ್ನು ಮೊದಲೇ ಕಾಯ್ದಿರಿಸಿ. 300×250 ಬರುವಲ್ಲಿ ಕನಿಷ್ಠ 250 ಪಿಕ್ಸೆಲ್ ಖಾಲಿ ಬಿಡದಿದ್ದರೆ ಜಾಹೀರಾತು ಬಂದಾಗ ಕೆಳಗಿನ ಪಟ್ಟಿ ಧಡಕ್ಕನೆ ಜಾರುತ್ತದೆ. ಗೂಗಲ್‌ನ ಅಳತೆಯಲ್ಲಿ ಈ ಜಾರಾಟ 0.1 ಮೀರಬಾರದು, ಪುಟದ ಮುಖ್ಯ ಭಾಗ 2.5 ಸೆಕೆಂಡ್ ಒಳಗೆ ಕಾಣಬೇಕು. ಜಾರಾಟಕ್ಕೆ ಇನ್ನೊಂದು ಶಿಕ್ಷೆಯೂ ಇದೆ: ನಟರ ಹೆಸರು ಒತ್ತಲು ಹೋದ ಬೆರಳು ಜಾಹೀರಾತು ಒತ್ತುತ್ತದೆ. ಅಂಥ ಕ್ಲಿಕ್‌ಗಳನ್ನು ಜಾಹೀರಾತು ಜಾಲದವರು ಅಮಾನ್ಯ ಎಂದು ಗುರುತಿಸಿ ತಿಂಗಳ ಕೊನೆಯಲ್ಲಿ ಮುರಿದುಕೊಳ್ಳುತ್ತಾರೆ, ಹೆಚ್ಚಾದರೆ ಖಾತೆಯೇ ಹೋಗುತ್ತದೆ. ಟ್ರೇಲರ್‌ನ ‘ಪ್ಲೇ’ ಗುಂಡಿಯ ಪಕ್ಕ ಜಾಹೀರಾತು ಇಡಲೇಬೇಡಿ.

ಖಾತೆ ಕಳೆದುಕೊಳ್ಳಲು ಸಿನಿಮಾ ಡೇಟಾಬೇಸ್‌ಗೇ ವಿಶಿಷ್ಟವಾದ ಎರಡು ದಾರಿಗಳಿವೆ. ಒಂದು, ವಯಸ್ಕರ ಚಿತ್ರಗಳ ಪೋಸ್ಟರ್ ಮತ್ತು ಸಾರಾಂಶ. ಲಕ್ಷ ಶೀರ್ಷಿಕೆಗಳಲ್ಲಿ ನೂರು ಇಂಥವಿದ್ದರೂ ಎಚ್ಚರಿಕೆ ಪತ್ರ ಬರುತ್ತದೆ. ಶೀರ್ಷಿಕೆಯ ದಾಖಲೆಯಲ್ಲೇ ‘ಜಾಹೀರಾತು ಬೇಡ’ ಎಂಬ ಗುರುತು ಇಟ್ಟು, ಆ ಪುಟದಲ್ಲಿ ಜಾಹೀರಾತಿನ ಕೋಡ್ ಲೋಡ್ ಆಗದಂತೆ ಮಾಡಬೇಕು. ಎರಡು, ‘ಪೂರ್ತಿ ಸಿನಿಮಾ ಇಲ್ಲಿ ನೋಡಿ’ ಎಂದು ಓದುಗರು ವಿಮರ್ಶೆಯಲ್ಲಿ ತುರುಕುವ ಕೊಂಡಿಗಳು. ಹೊಸ ಖಾತೆಗಳ ವಿಮರ್ಶೆಯಲ್ಲಿ ಯಾವ ಕೊಂಡಿಯೂ ಸಕ್ರಿಯವಾಗದಂತೆ ನೋಡಿಕೊಂಡರೆ ಹೆಚ್ಚಿನ ಪಾಲು ನಿಲ್ಲುತ್ತದೆ. ಇನ್ನು ಹೊಸ ತಾಣಗಳು ಜಾಹೀರಾತು ಜಾಲಕ್ಕೆ ಹಾಕಿದ ಮೊದಲ ಅರ್ಜಿಯಲ್ಲೇ ತಿರಸ್ಕೃತವಾಗುವುದು ‘ಮೌಲ್ಯವಿಲ್ಲದ ವಿಷಯ’ ಎಂಬ ಕಾರಣಕ್ಕೆ: ಹೆಸರು, ವರ್ಷ, ಖಾಲಿ ಸಾರಾಂಶ ಇರುವ ಸಾವಿರಾರು ಪುಟಗಳು. ಕನಿಷ್ಠ ಸಾರಾಂಶ, ಐದು ಜನರ ಪಾತ್ರವರ್ಗ, ಬಿಡುಗಡೆ ದಿನಾಂಕ ಇಲ್ಲದ ಪುಟವನ್ನು ಹುಡುಕಾಟ ಯಂತ್ರಗಳಿಗೆ ತೋರಿಸದೆ ಮರೆಮಾಡಿ.

ನಿಮ್ಮ ಜಾಹೀರಾತು ಜಾಗ ಮಾರಲು ಯಾರಿಗೆಲ್ಲ ಅಧಿಕಾರವಿದೆ ಎಂದು ಹೇಳುವ ಕಡತ, ಅಂದರೆ ಆ್ಯಡ್ಸ್ ಡಾಟ್ ಟಿಎಕ್ಸ್‌ಟಿ, ಮೂಲ ಡೊಮೇನ್‌ನಲ್ಲೇ ಇರಬೇಕು. ಒಂದು ಸಾಲು ತಪ್ಪಿದರೂ ನಿಮ್ಮ ಜಾಗಕ್ಕಾಗಿ ಆ ಜಾಲದಲ್ಲಿ ನಡೆಯುವ ಹರಾಜು ಸದ್ದಿಲ್ಲದೆ ನಿಲ್ಲುತ್ತದೆ. ಯೂರೋಪಿನ ಓದುಗರಿಗೆ ಟ್ರ್ಯಾಕಿಂಗ್‌ಗೆ ಒಪ್ಪಿಗೆ ಕೇಳುವ ಫಲಕ ಬೇಕು, ಅದೂ ಗೂಗಲ್ ಪ್ರಮಾಣೀಕರಿಸಿದ್ದೇ ಆಗಬೇಕು ಎಂಬುದು 2024ರ ಜನವರಿಯಿಂದ ಗೂಗಲ್‌ನ ನಿಯಮ. ಟ್ರೇಲರ್ ಇರುವ ಪುಟಗಳಲ್ಲಿ ಸಾಮಾಜಿಕ ಜಾಲಗಳ ಟ್ರ್ಯಾಕಿಂಗ್ ಪಿಕ್ಸೆಲ್ (ಓದುಗರ ಓಡಾಟವನ್ನು ಆ ಜಾಲಗಳಿಗೆ ತಿಳಿಸುವ ಕೋಡ್) ಹಾಕುವ ಮುನ್ನ ಎರಡು ಸಲ ಯೋಚಿಸಿ. ಯಾರು ಯಾವ ವಿಡಿಯೊ ನೋಡಿದರು ಎಂಬುದನ್ನು ಬಹಿರಂಗಪಡಿಸಬಾರದು ಎನ್ನುವ ಅಮೆರಿಕದ 1988ರ ಕಾನೂನನ್ನು ಈ ಪಿಕ್ಸೆಲ್‌ಗಳ ವಿರುದ್ಧ ಬಳಸಿ ಸಾಲುಸಾಲು ಮೊಕದ್ದಮೆಗಳು ಬಂದಿವೆ. ಅದರಲ್ಲಿ ನಿಗದಿಯಾದ ಪರಿಹಾರ ತಲೆಗೆ 2,500 ಡಾಲರ್.

ಜಾಹೀರಾತಿನಲ್ಲಿ ನಿಜವಾಗಿ ತೂಕವಿರುವುದು ನೇರ ಮಾರಾಟಕ್ಕೆ. ಸಿನಿಮಾ ಬಿಡುಗಡೆಯ ವಾರ ಮುಖಪುಟವನ್ನು ಪೂರ್ತಿ ಕೊಳ್ಳುವ ನಿರ್ಮಾಣ ಸಂಸ್ಥೆಗಳಿಗೆ ಬೇಕಾದ್ದು ಸಿನಿಮಾ ನೋಡುವ ಜನವೇ, ಅವರು ಸೇರುವುದು ಇಲ್ಲಿಯೇ. ಗೂಗಲ್ ಆ್ಯಡ್ ಮ್ಯಾನೇಜರ್‌ನಲ್ಲಿ ಇದನ್ನು ಮೇಲಿನ ಆದ್ಯತೆಯ ಸ್ಪಾನ್ಸರ್‌ಶಿಪ್ ದರ್ಜೆಯಲ್ಲಿ ಹಾಕಬೇಕು. ಕೆಳಗಿನ ಆದ್ಯತೆಯ ಪ್ರೈಸ್ ಪ್ರಯಾರಿಟಿಯಲ್ಲಿ ಹಾಕಿದರೆ ಹರಾಜಿನ ಜತೆ ಗುದ್ದಾಡಿ, ಒಪ್ಪಿಕೊಂಡಷ್ಟು ಪ್ರದರ್ಶನ ಆಗದೆ, ಕೊರತೆಯನ್ನು ಪುಕ್ಕಟೆಯಾಗಿ ತುಂಬಿಕೊಡಬೇಕಾಗುತ್ತದೆ. ಆದೇಶಪತ್ರದಲ್ಲಿ ಪ್ರದರ್ಶನಗಳ ಸಂಖ್ಯೆ, ಒಬ್ಬ ಓದುಗನಿಗೆ ದಿನಕ್ಕೆ ಎಷ್ಟು ಸಲ, ಯಾರ ಎಣಿಕೆ ಅಂತಿಮ, ಬಿಡುಗಡೆ ಮುಂದಕ್ಕೆ ಹೋದರೆ ಏನು ಎಂಬ ನಾಲ್ಕು ಮಾತು ಇರಲೇಬೇಕು. ಕೊನೆಯದನ್ನು ಮರೆಯುವವರೇ ಹೆಚ್ಚು, ಸಿನಿಮಾಗಳು ಮುಂದಕ್ಕೆ ಹೋಗುವುದೂ ಹೆಚ್ಚು.

ಖರ್ಚಿನ ಕಡೆ ಪೋಸ್ಟರ್, ಫೋಟೊಗಳೇ ಕಳ್ಳರು. ಪುಟಕ್ಕೆ 2 ಎಂಬಿ ಚಿತ್ರ ಎಂದರೆ 5 ಲಕ್ಷ ವೀಕ್ಷಣೆಗೆ 1,000 ಜಿಬಿ. ಹೊರಹೋಗುವ ಪ್ರತಿ ಜಿಬಿಗೆ 9 ಸೆಂಟ್ ದರದ ಕ್ಲೌಡ್‌ನಲ್ಲಿ 90 ಡಾಲರ್. ಪೋಸ್ಟರನ್ನು ಪರದೆಗೆ ತಕ್ಕ ಅಗಲಕ್ಕೆ ಇಳಿಸಿ ವೆಬ್‌ಪಿ ಎಂಬ ಹಗುರ ಕಡತ ಮಾದರಿಗೆ ಬದಲಿಸಿದರೆ, ಕಣ್ಣಿಗೆ ಬೀಳುವ ಮುನ್ನ ಲೋಡ್ ಮಾಡದಿದ್ದರೆ, ಹತ್ತರಲ್ಲಿ ಒಂದಕ್ಕಿಂತ ಕಡಿಮೆಗೆ ಬರುತ್ತದೆ. ಅದನ್ನು ಮಾಡದ ತಾಣಗಳಲ್ಲಿ ಮೂಗಿಗಿಂತ ಮೂಗುತಿ ಭಾರ.

ಕಮಿಷನ್ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಅಷ್ಟೇ ಅದರ ಯೋಗ್ಯತೆ. ಅಮೆಜಾನ್‌ನ ಕೊಂಡಿ ಒತ್ತಿದವರು 24 ಗಂಟೆಯಲ್ಲಿ ಕೊಂಡರೆ, ಇಲ್ಲವೇ ಅಷ್ಟರಲ್ಲಿ ಕಾರ್ಟ್‌ಗೆ ಹಾಕಿ ಆಮೇಲೆ ಕೊಂಡರೆ ಮಾತ್ರ ಲೆಕ್ಕ, ಹಣ ಬರುವುದು ತಿಂಗಳು ಮುಗಿದು ಸುಮಾರು 60 ದಿನಕ್ಕೆ. ಕೊಂಡಿಗಳಿಗೆ ‘ಸ್ಪಾನ್ಸರ್ಡ್’ ಗುರುತು ಹಾಕಿ, ಕಮಿಷನ್ ಸಿಗುತ್ತದೆಂದು ಅದೇ ಪುಟದಲ್ಲಿ ಬರೆಯಿರಿ. ‘ಎಲ್ಲಿ ನೋಡಬಹುದು’ ಗುಂಡಿಗಳೇ ಇದರಲ್ಲಿ ಹೆಚ್ಚು ಕೆಲಸ ಮಾಡುವುದು, ಆದರೆ ಹಕ್ಕುಗಳು ದೇಶಕ್ಕೊಂದು ತರಹ, ತಿಂಗಳಿಗೊಂದು ತರಹ. ದಿನಕ್ಕೊಮ್ಮೆ ಪರಿಶೀಲಿಸದಿದ್ದರೆ ಸತ್ತ ಕೊಂಡಿಗಳ ಸಂತೆಯಾಗುತ್ತದೆ. ಜಸ್ಟ್‌ವಾಚ್ ಈ ಮಾಹಿತಿಯ ಮೇಲೇ ನಿಂತ ಕಂಪನಿ. ಗಮನಿಸಬೇಕಾದ್ದು, ಅದರ ಮುಖ್ಯ ವ್ಯಾಪಾರ ಕಮಿಷನ್ ಅಲ್ಲ, ಯಾರಿಗೆ ಯಾವ ಬಗೆಯ ಸಿನಿಮಾ ಇಷ್ಟ ಎಂಬ ತಿಳಿವಳಿಕೆ ಬಳಸಿ ಸ್ಟುಡಿಯೊಗಳಿಗೆ ಟ್ರೇಲರ್ ಪ್ರಚಾರ ಮಾಡಿಕೊಡುವುದು. ಡಿಸ್ಕಾಗ್ಸ್ ಇನ್ನೂ ಸೊಗಸಾದ ದಾರಿ ಹಿಡಿಯಿತು: ಗ್ರಾಮಫೋನ್ ತಟ್ಟೆಗಳ ಪಟ್ಟಿಯನ್ನು ಮುಕ್ತವಾಗಿ ಬಿಟ್ಟುಕೊಟ್ಟು, ಅದೇ ಪಟ್ಟಿಯ ಮೇಲೆ ಮಾರುಕಟ್ಟೆ ತೆರೆದು, ಮಾರಾಟಗಾರರಿಂದ 9 ಶೇಕಡಾ ತೆಗೆದುಕೊಳ್ಳುತ್ತದೆ. ಯಾವ ಮುದ್ರಣ, ಯಾವ ವರ್ಷ ಎಂಬ ಸಂಗ್ರಾಹಕರ ಗೀಳು ಮಾರಾಟಕ್ಕೆ ನೇರವಾಗಿ ಬೇಕಾದ್ದು. ಕೈಯಿಂದ ಕೈಗೆ ದಾಟುವ ವಸ್ತುವಿದ್ದರೆ ಮಾತ್ರ ಈ ದಾರಿ.

ಚಂದಾ ಎರಡು ಬಗೆ. ಓದುಗರಿಗೆ ಮಾರುವುದು ಒಂದು: ಸಿನಿಮಾ ದಿನಚರಿ ಬರೆಯುವ ತಾಣ ಲೆಟರ್‌ಬಾಕ್ಸ್‌ಡ್‌ನ ಪ್ರೊ, ಪೇಟ್ರನ್ ದರ್ಜೆಗಳ ಹಾಗೆ ಜಾಹೀರಾತು ತೆಗೆದು ಅವರವರ ವೀಕ್ಷಣೆಯ ಅಂಕಿಅಂಶ ಕೊಡುವುದು. ಜನ ದಿನಚರಿಯಂತೆ ಬರೆದುಕೊಳ್ಳುವ ತಾಣಕ್ಕೆ ಇದು ಒಗ್ಗುತ್ತದೆ. ಬಂದು ನೋಡಿ ಹೋಗುವ ತಾಣಕ್ಕಲ್ಲ. ಉದ್ಯಮದವರಿಗೆ ಮಾರುವುದು ಇನ್ನೊಂದು. 1990ರಲ್ಲಿ ಯೂಸ್‌ನೆಟ್ ಎಂಬ ಹಳೆಯ ಚರ್ಚಾ ಜಾಲದ ಪಟ್ಟಿಗಳಾಗಿ ಶುರುವಾಗಿ, 1998ರಲ್ಲಿ ಅಮೆಜಾನ್ ಕೈಸೇರಿದ ಐಎಂಡಿಬಿ 2002ರಲ್ಲಿ ತೆರೆದ ಐಎಂಡಿಬಿ ಪ್ರೊ ಇದಕ್ಕೆ ಮಾದರಿ. ಅಲ್ಲಿ ಕಲಾವಿದರ ಏಜೆಂಟರ ಸಂಪರ್ಕ, ತಯಾರಿಯಲ್ಲಿರುವ ಚಿತ್ರಗಳ ಸ್ಥಿತಿ, ತಮ್ಮ ಪುಟದ ಮುಖ್ಯ ಫೋಟೊ ತಾವೇ ಆರಿಸುವ ಅವಕಾಶ ಸಿಗುತ್ತದೆ. ಜತೆಗೆ ಸ್ಟಾರ್‌ಮೀಟರ್ ಎಂಬ ವಾರದ ಶ್ರೇಯಾಂಕ: ಯಾವ ನಟರ ಪುಟವನ್ನು ಜನ ಎಷ್ಟು ನೋಡಿದರು ಎಂಬುದರ ಮೇಲೆ ನಿಂತದ್ದು. ಉಚಿತವಾಗಿ ಬಂದುಹೋಗುವವರ ಹೆಜ್ಜೆಗುರುತೇ ಚಂದಾದಾರರಿಗೆ ಸರಕು. ಬುದ್ಧಿವಂತ ಏರ್ಪಾಡು ಎಂದರೆ ಇದು.

ಚಂದಾ ಕಟ್ಟಿದವರು ಸಂಗತಿಯನ್ನೂ ತಿದ್ದಲು ಕೇಳುತ್ತಾರೆ, ಮುಖ್ಯವಾಗಿ ವಯಸ್ಸನ್ನು. ಚಂದಾದಾರರು ಕೇಳಿದರೆ ವಯಸ್ಸು ತೆಗೆಯಬೇಕೆಂದು ಕ್ಯಾಲಿಫೋರ್ನಿಯ 2016ರಲ್ಲಿ ಕಾನೂನನ್ನೇ ಮಾಡಿತ್ತು. ಐಎಂಡಿಬಿ ನ್ಯಾಯಾಲಯಕ್ಕೆ ಹೋಗಿ 2018ರಲ್ಲಿ ಅದನ್ನು ರದ್ದು ಮಾಡಿಸಿತು, 2020ರಲ್ಲಿ ಮೇಲ್ಮನವಿಯಲ್ಲೂ ಅದೇ ತೀರ್ಪು. ನನ್ನ ನಿಯಮ ಇಷ್ಟೇ: ಫೋಟೊ, ಪುಟದಲ್ಲಿ ಕಾಣುವ ಕ್ರಮ, ಸಂಪರ್ಕ ಮಾರಾಟಕ್ಕಿದೆ, ಹುಟ್ಟಿದ ದಿನ, ಪಾತ್ರದ ಹೆಸರು, ರೇಟಿಂಗ್ ಮಾರಾಟಕ್ಕಿಲ್ಲ. ರೇಟಿಂಗ್ ಸರಳ ಸರಾಸರಿಯಾಗಿದ್ದರೆ ಐವತ್ತು ಅಭಿಮಾನಿಗಳು ಸಾಕು ಅದನ್ನು ಕೆಡಿಸಲು. ಮತಗಳ ಸಂಖ್ಯೆ ಕಡಿಮೆ ಇದ್ದಷ್ಟೂ ಅಂಕವನ್ನು ಇಡೀ ತಾಣದ ಸರಾಸರಿಯ ಕಡೆಗೆ ಎಳೆಯುವ ತೂಕದ ಸೂತ್ರ ಬಳಸಿ: ಈ ಚಿತ್ರದ ಮತಗಳು 200, ಕನಿಷ್ಠ ಮಿತಿ 800 ಎಂದಾದರೆ ಚಿತ್ರದ ಸ್ವಂತ ಅಂಕಕ್ಕೆ ಐದರಲ್ಲಿ ಒಂದು ಪಾಲು, ತಾಣದ ಸರಾಸರಿಗೆ ನಾಲ್ಕು ಪಾಲು ತೂಕ. ಹೀಗೆ ಕೆಟ್ಟುಹೋದ ರೇಟಿಂಗನ್ನು ಯಾರೂ ದುಡ್ಡು ಕೊಟ್ಟು ಪರವಾನಗಿ ಮೇಲೆ ಕೊಳ್ಳುವುದಿಲ್ಲ.

ಈ ಪರವಾನಗಿಯೇ ಕಟ್ಟಕಡೆಯ, ದೊಡ್ಡ ಬಾಗಿಲು. ಕೊಳ್ಳುವವರು ಸೆಟ್‌ಟಾಪ್ ಬಾಕ್ಸ್, ಸ್ಟ್ರೀಮಿಂಗ್ ಆ್ಯಪ್, ಕಾರಿನ ಸಂಗೀತ ವ್ಯವಸ್ಥೆ, ಮಾರುಕಟ್ಟೆ ಸಂಶೋಧನೆ ಮಾಡುವವರು. ಅವರು ಮೊದಲು ಕೇಳುವುದು ಶೀರ್ಷಿಕೆಗಳು ಎಷ್ಟಿವೆ ಎಂದಲ್ಲ, ಗುರುತುಸಂಖ್ಯೆ ಬದಲಾಗುತ್ತದೆಯೇ ಎಂದು. ಒಮ್ಮೆ ಕೊಟ್ಟ ಐಡಿ ಎಂದಿಗೂ ಮತ್ತೊಬ್ಬರಿಗೆ ಹೋಗಬಾರದು. ಒಂದೇ ವ್ಯಕ್ತಿಗೆ ಎರಡು ದಾಖಲೆ ಇದ್ದು ಸೇರಿಸಿದರೆ ಹಳೆಯ ಐಡಿ ಹೊಸದಕ್ಕೆ ದಾರಿ ತೋರಿಸುತ್ತ ಬದುಕಿರಬೇಕು. ಕಷ್ಟದ್ದು ಬೇರ್ಪಡಿಸುವುದು: ಒಂದೇ ಹೆಸರಿನ ಇಬ್ಬರು ತಂತ್ರಜ್ಞರ ಚಿತ್ರಗಳು ಒಂದೇ ಪುಟದಲ್ಲಿ ಕಲಸಿಹೋಗಿದ್ದರೆ ಹಳೆಯ ಐಡಿಯನ್ನು ಯಾರಿಗೆ ಕೊಡುವುದು? ಹೆಚ್ಚು ಚಿತ್ರಗಳಿರುವವರಿಗೆ ಉಳಿಸಿ, ಇನ್ನೊಬ್ಬರಿಗೆ ಹೊಸದು ಕೊಟ್ಟು, ಯಾವ ಚಿತ್ರ ಎತ್ತ ಹೋಯಿತು ಎಂಬ ಪಟ್ಟಿಯನ್ನು ಬದಲಾವಣೆ ಕಡತದಲ್ಲಿ ಕಳಿಸುತ್ತೇನೆ. ಅದು ಇಲ್ಲದೆ ಗಿರಾಕಿಯ ಕಡೆ ತಪ್ಪು ನಟರ ಮುಖ ಟಿವಿ ಪರದೆಯಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ವಿಕಿಡೇಟಾ ಮತ್ತು ಸಿನಿಮಾ, ಟಿವಿ ಕೃತಿಗಳಿಗೆ ಉದ್ಯಮ ಕೊಡುವ ಇಐಡಿಆರ್ ಸಂಖ್ಯೆಗಳ ಜತೆ ಜೋಡಣೆಯ ಕೋಷ್ಟಕ ಇದ್ದರೆ ಬೆಲೆ ಇನ್ನೂ ಏರುತ್ತದೆ. ಎಷ್ಟೋ ಗಿರಾಕಿಗಳಿಗೆ ಆ ಕೋಷ್ಟಕ ಒಂದೇ ಸಾಕು.

ಗಿರಾಕಿಗೆ ಪೂರ್ತಿ ಕಡತ ವಾರಕ್ಕೊಮ್ಮೆ, ಬದಲಾವಣೆಯ ಕಡತ ಗಂಟೆಗೊಮ್ಮೆ ಹೋಗಬೇಕು. ಮ್ಯೂಸಿಕ್‌ಬ್ರೇನ್ಜ್ ನಡೆಸುವ ಮೆಟಾಬ್ರೇನ್ಜ್ ಫೌಂಡೇಶನ್ ಹಣ ಕೇಳುವ ರೀತಿ ನೋಡಿ ಕಲಿಯುವಂಥದ್ದು: ಮಾಹಿತಿ ಎಲ್ಲರಿಗೂ ಬಿಟ್ಟದ್ದು, ತಕ್ಷಣದ ಬದಲಾವಣೆಗಳನ್ನು ಹರಿಸುವ ಸೇವೆಗೆ ವಾಣಿಜ್ಯ ಬಳಕೆದಾರರು ತಮ್ಮ ಗಾತ್ರಕ್ಕೆ ತಕ್ಕಂತೆ ಕೊಡುತ್ತಾರೆ. ಧಾರಾವಾಹಿಗಳ ಡೇಟಾಬೇಸ್ ದಿಟಿವಿಡಿಬಿ ನಾಲ್ಕನೇ ಆವೃತ್ತಿಯ ಎಪಿಐಗೆ ಎರಡು ದಾರಿ ಇಟ್ಟಿತು: ಆ್ಯಪ್ ಮಾಡಿದವರು ಒಪ್ಪಂದ ಮಾಡಿಕೊಳ್ಳುವುದು, ಇಲ್ಲವೇ ಬಳಸುವವರೇ ವರ್ಷದ ಚಂದಾ ಕಟ್ಟುವುದು. ಕ್ರಾಲ್ ಮಾಡುವ, ಅಂದರೆ ಪುಟಗಳನ್ನು ತಾವೇ ತೆರೆದು ಮಾಹಿತಿ ಎತ್ತುವ ಬಾಟ್‌ಗಳಿಗೂ ಇದೇ ಮದ್ದು. ಎಐ ಕಂಪನಿಗಳ ಬಾಟ್‌ಗಳು ಪ್ರತಿ ಪುಟ, ಪ್ರತಿ ಫಿಲ್ಟರ್ ಜೋಡಣೆ ಬಿಡದೆ ಮೇಯುತ್ತವೆ, ಜಾಹೀರಾತು ನೋಡುವುದಿಲ್ಲ. ಬಾಟ್‌ಗಳಿಗೆ ಎಲ್ಲಿ ಪ್ರವೇಶವಿಲ್ಲ ಎಂದು ಹೇಳುವ ರೋಬಾಟ್ಸ್ ಕಡತದಲ್ಲಿ ತಡೆಯಿರಿ, ಕೇಳದವರನ್ನು ವೇಗಮಿತಿಯಿಂದ ಹಿಡಿಯಿರಿ, ಜತೆಗೇ ‘ಪೂರ್ತಿ ಕಡತ ಇಲ್ಲಿದೆ, ದರ ಇಷ್ಟು’ ಎಂಬ ಪುಟವನ್ನೂ ಇಡಿ. 2025ರ ಜುಲೈನಲ್ಲಿ, ತಾಣಗಳಿಗೆ ರಕ್ಷಣೆ ಒದಗಿಸುವ ಕಂಪನಿ ಕ್ಲೌಡ್‌ಫ್ಲೇರ್ ಕ್ರಾಲ್‌ಗೆ ಇಷ್ಟು ಎಂದು ವಸೂಲಿ ಮಾಡುವ ಪ್ರಯೋಗವನ್ನೂ ತೆರೆಯಿತು.

ಒಪ್ಪಂದದಲ್ಲಿ ಬಳಕೆಯನ್ನು ಮೂರಾಗಿ ಒಡೆದು ಬೆಲೆ ಹಾಕಿ: ಜನರಿಗೆ ತೋರಿಸುವುದು, ಒಳಗಿನ ವಿಶ್ಲೇಷಣೆ, ಯಂತ್ರಕ್ಕೆ ತರಬೇತಿ. ಮೂರನೆಯದನ್ನು ಹೆಸರಿಸದೆ ಬಿಟ್ಟರೆ ಮೊದಲಿನ ಎರಡರಲ್ಲಿ ಸೇರಿದೆ ಎಂದೇ ವಾದಿಸುತ್ತಾರೆ. ಅವಧಿ ಮುಗಿದ ಮೇಲೆ ಅಳಿಸಬೇಕಾದ್ದೇನು, ಎಷ್ಟು ದಿನದಲ್ಲಿ, ಅಳಿಸಿದ್ದಕ್ಕೆ ಲಿಖಿತ ದೃಢೀಕರಣ ಯಾರು ಕೊಡಬೇಕು ಎಂಬುದೂ ಇರಲಿ. ಸೋರಿಕೆ ಪತ್ತೆಗೆ ಕೆಲವರು ಇಲ್ಲದ ವ್ಯಕ್ತಿಗಳ ಸುಳ್ಳು ದಾಖಲೆ ಸೇರಿಸುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ, ಸುಳ್ಳು ಎಲ್ಲೆಲ್ಲೋ ನಕಲಾಗಿ ಕೊನೆಗೆ ನಮ್ಮಲ್ಲಿಗೇ ಸತ್ಯವಾಗಿ ಮರಳುತ್ತದೆ. ಅದರ ಬದಲು ಅರ್ಥ ಕೆಡದ ವ್ಯತ್ಯಾಸ ಸಾಕು: ಕೆಲವೇ ನೂರು ಚಿತ್ರಗಳಲ್ಲಿ ಉಪಪಾತ್ರಗಳ ಅನುಕ್ರಮ ಅಥವಾ ಸಾರಾಂಶದ ವಿರಾಮಚಿಹ್ನೆ ಗಿರಾಕಿಗೊಂದು ತರಹ. ಯಾವ ಗಿರಾಕಿಗೆ ಯಾವ ವ್ಯತ್ಯಾಸ ಹೋಯಿತು ಎಂಬ ಕೋಷ್ಟಕವನ್ನು ಡೇಟಾಬೇಸ್‌ನ ಹೊರಗೆ, ಒಪ್ಪಂದದ ಕಡತದ ಜತೆ ಇಡಬೇಕು; ಕಡತ ತಯಾರಿಸುವ ಸ್ಕ್ರಿಪ್ಟ್ ಪ್ರತಿ ಸಲವೂ ಅಲ್ಲಿಂದಲೇ ಓದಿಕೊಳ್ಳಲಿ.